ಯಾದಿಯಲ್ಲಿ ಬಿಟ್ಟ ಒಂದು ಸಾಮಾನು

ನಂದಗಡ, ತಾ. ಖಾನಾಪುರ
11 ಜೂನ್ 2025

ಜಿನಪ್ಪ ಕಾಕಾ ಅವರಿಗೆ,

ಉದ್ಯಮಬಾಗದಲ್ಲಿ ಗಾಡಿಗಳಿಗೆ ಹೆಸರು ಅಂಟಿಸುವ ನಿಮ್ಮ ರೇಡಿಯಂ ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು, ಉಳಿದ ಸ್ಟಿಕರ್ ತುಣುಕುಗಳನ್ನು ಮೊಣಕೈತನಕ ಅಂಟಿಸಿಕೊಳ್ಳುತ್ತಿದ್ದ ಹುಡುಗಿ ನೆನಪಿದ್ದರೆ, ಅವಳೇ ನಾನು. ಅಲ್ಲಿ ಬ್ಲೇಡಿನಿಂದ ಅಕ್ಷರ ಕತ್ತರಿಸುತ್ತಿದ್ದ ಮೈಲಾರಲಿಂಗನ ಮಗಳು ಸಪ್ನಾ. ಆಗ ನಾಲ್ಕನೇ ಇಯತ್ತೆ. ಈಗ ಖಾನಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ.

ಹನ್ನೊಂದು ವರ್ಷದ ಮೇಲೆ ಪತ್ರ ಬರೆಯಲು ಕಾರಣ ಅಪ್ಪನ ಕೈ. ನಡುಗುತ್ತದೆ. ಡಾಕ್ಟರು ಕಂಪವಾತ ಎಂದರು, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ ಎಂದರು. ಚಹಾ ಅರ್ಧ ಕಪ್ಪು ಮಾತ್ರ ಕೊಡುತ್ತೇವೆ. ಬ್ಲೇಡು ಹಿಡಿದು ಕುಳಿತರೆ ಅವ್ವ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾಳೆ. ಅದಕ್ಕೆ ನಾನು ಮನೆಯಲ್ಲಿಡುವಂಥ ಸಣ್ಣ ಕಟಿಂಗ್ ಮಷಿನ್ ತರಿಸಿದ್ದೇನೆ. ದೊಡ್ಡ ರೊಟ್ಟಿ ಡಬ್ಬಿಯಷ್ಟಿದೆ. ಆದರೆ ಅದರ ಜೊತೆ ಏನೇನು ಸಾಮಾನು ಇಟ್ಟುಕೊಳ್ಳಬೇಕೋ ತಿಳಿಯದು. ಮೊಬೈಲಿನಲ್ಲಿ ನೋಡಿದರೆ ಒಬ್ಬರು ಹತ್ತು ಅನ್ನುತ್ತಾರೆ, ಇನ್ನೊಬ್ಬರು ನೂರು.

ಅಪ್ಪ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಸಿಟ್ಟಾಗಬೇಡಿ: “ಜಿನ್ಯಾನ್ನ ಕೇಳು. ಬಾಕಿ ಎಲ್ಲಾದ್ರಾಗೂ ಸುಳ್ಳು ಹೇಳ್ತಾನ, ಸಾಮಾನಿನ ವಿಷಯದಾಗ ಹೇಳೂದಿಲ್ಲ.”

ಫೋನ್ ಹಚ್ಚಿಕೊಡಲೇ ಎಂದೆ. “ದೇವರ ಭಂಡಾರ ಮುಟ್ಟಿ ಆಣಿ ಮಾಡೇನಿ, ಅವನ ಕೂಡ ಮಾತಾಡೂದಿಲ್ಲಂತ.” ಹಾಗಾದರೆ ವಾಟ್ಸಾಪ್? “ಅದೂ ಮಾತ. ಪತ್ರ ಬರಿ. ನಾ ನಿನಗ ಹೇಳತೇನಿ, ನೀ ಅವಗ ಬರಿ. ನಡುವ ನಾ ಇಲ್ಲ.”

ಆದ್ದರಿಂದ ಈ ಪತ್ರದಲ್ಲಿ ಅಪ್ಪ ಇಲ್ಲ ಎಂದು ತಿಳಿದು ಉತ್ತರ ಬರೆಯಬೇಕು.

ನಿಮ್ಮ
ಸಪ್ನಾ


ಮಹಾಂತೇಶ ನಗರ, ಬೆಳಗಾವಿ
19 ಜೂನ್ 2025

ಈ ಪತ್ರದಲ್ಲಿ ಇಲ್ಲದ ಲಿಂಗಣ್ಣನಿಗೆ,

ಪೋಸ್ಟ್‌ಮನ್ ರಾಯಪ್ಪ ಲಕೋಟೆ ಕೊಟ್ಟಾಗ, ಯಾವುದೋ ಬ್ಯಾಂಕಿನದು ಎಂದು ಎರಡು ದಿನ ಒಡೆಯದೆ ಇಟ್ಟಿದ್ದೆ. ಕೈಯಿಂದ ಬರೆದ ವಿಳಾಸ ನೋಡಿ ನನ್ನ ಹೆಂಡತಿ ತ್ರಿಶಲಾ, “ಇದರಾಗ ಮನಷ್ಯಾರು ಅದಾರ, ಒಡೀರಿ” ಎಂದಳು.

ನಿನ್ನ ಕೈಯ ಸುದ್ದಿಗೆ ಏನು ಬರೆಯಲಿ? ಗೊತ್ತಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ.

ನೂರು ಸಾಮಾನಿನ ಡಬ್ಬಿ ತೆಗೆದುಕೊಳ್ಳಬೇಡಿ. ಅದರಲ್ಲಿ ತೊಂಬತ್ನಾಲ್ಕು ಮುಂದಿನ ಮನೆ ಬದಲಾವಣೆಯಲ್ಲಿ ಮುಟ್ಟದ ಹಾಗೇ ಸಿಗುತ್ತವೆ. ಮೊದಲು ಬೇಕಾದದ್ದು ಅಂಟು ಮ್ಯಾಟು. ಹಾಳೆಯನ್ನು ಹಿಡಿದು ಕೂರಿಸುವುದು ಅದೇ. ಹೊಸತರಲ್ಲಿ ಅಂಟು ವಿಪರೀತ, ಹಾಳೆ ಬಿಡುವುದಿಲ್ಲ, ಸ್ವಲ್ಪ ಕಮ್ಮಿ ಮಾಡಿಕೊಳ್ಳಬೇಕು. ಕೆಲಸ ಮುಗಿದ ಕೂಡಲೇ ಮೇಲಿನ ಪ್ಲಾಸ್ಟಿಕ್ ಮುಚ್ಚಬೇಕು. ನಿಮ್ಮೂರಿನ ಮಳೆಗಾಲದಲ್ಲಂತೂ ಮರೆಯಬಾರದು. ಆಮೇಲೆ ಬ್ಲೇಡು. ಮಷಿನ್ನಿನ ಜೊತೆ ಒಂದು ಬಂದಿರುತ್ತದೆ, ಇನ್ನೊಂದು ಇಟ್ಟುಕೊಳ್ಳಿ. ಮೊಂಡಾಗುವುದು ಯಾವಾಗಲೂ ಅಂಗಡಿ ಮುಚ್ಚಿದ ದಿನವೇ.

ರೇಡಿಯಂ ಹಾಳೆ ಎರಡು ಬಣ್ಣದ್ದು ಸಾಕು. ಕೆಂಪು, ಬಿಳಿ. ಕತ್ತರಿಸಿದ ಅಕ್ಷರವನ್ನು ಎತ್ತಿ ಗಾಜಿನ ಮೇಲೆ ಕೂರಿಸಲು ಟ್ರಾನ್ಸ್‌ಫರ್ ಟೇಪು ಬೇಕು. ಉಜ್ಜಲು ರಬ್ಬರ್ ಪಟ್ಟಿ ಕೊಳ್ಳಬೇಡಿ, ಹಳೆಯ ಎಟಿಎಂ ಕಾರ್ಡು ನಡೆಯುತ್ತದೆ. ಅಕ್ಷರದ ಹೊಟ್ಟೆಯೊಳಗಿನ ಬೇಡದ ತುಣುಕು ಕೀಳಲು ಒಂದು ಕೊಕ್ಕೆ ಮಾರುತ್ತಾರೆ. ನಿನ್ನ ಹತ್ತಿರ ಕಾಲಿನ ಮುಳ್ಳು ತೆಗೆಯುವ ಚಿಮಟಾ ಇತ್ತಲ್ಲ, ಅದೇ ಕೊಕ್ಕೆಯ ಅಜ್ಜ.

ಒಂದು ಮಾತು ಸಪ್ನಾಳಿಗೆ. ಪ್ರತಿ ಸಲ ಮೂಲೆಯಲ್ಲಿ ಸಣ್ಣದೊಂದು ಚೌಕ ಕತ್ತರಿಸಿ ನೋಡು. ಮೇಲಿನ ಹಾಳೆ ಕತ್ತರಿಸಬೇಕು, ಕೆಳಗಿನ ಕಾಗದಕ್ಕೆ ಗೀರೂ ಬೀಳಬಾರದು. ಮಷಿನ್ನಿಗೆ ಇದಕ್ಕೆ ಅಂಕಿ ಹಾಕಬೇಕು. ನಿನ್ನಪ್ಪನಿಗೆ ಅಂಕಿ ಬೇಕಿರಲಿಲ್ಲ. ಅರ್ಧ ಮುರಿದ ಶೇವಿಂಗ್ ಬ್ಲೇಡಿನಲ್ಲಿ ಹದಿನಾರು ವರ್ಷ ಕತ್ತರಿಸಿದ, ಒಂದು ಕಾಗದವೂ ಹರಿಯಲಿಲ್ಲ.

ಇಷ್ಟು ಸಾಕು. ಯಾದಿ ಪೂರ್ತಿ ಇದೆ.

ಇಂತು
ಜಿನಪ್ಪ


ನಂದಗಡ
8 ಜುಲೈ 2025

ಕಾಕಾ ಅವರಿಗೆ,

ಎಲ್ಲ ತಂದೆವು. ಮೊದಲ ದಿನವೇ ಒಂದು ಅನಾಹುತ ಆಯಿತು. ಮ್ಯಾಟಿನ ಅಂಟು ಕಮ್ಮಿ ಮಾಡಿಕೊಳ್ಳಿ ಎಂದು ಬರೆದಿರಿ, ಹೇಗೆಂದು ಬರೆಯಲಿಲ್ಲ. ನಾನು ಕೆಲಸಕ್ಕೆ ಹೋಗಿದ್ದೆ. ಅಪ್ಪ ಸೊಂಟದ ಚೀಲ ಬಿಚ್ಚಿ, ದೇವರ ಭಂಡಾರದ ಅರಿಶಿನ ತೆಗೆದು, ಮ್ಯಾಟಿನ ತುಂಬ ಉಗ್ಗಿ ತಿಕ್ಕಿಬಿಟ್ಟಿದ್ದಾರೆ. ಸಂಜೆ ಬಂದು ನೋಡಿದರೆ ಮ್ಯಾಟು ಅರಿಶಿನ ಹಚ್ಚಿದ ಮದುಮಗಳಾಗಿದೆ, ಹಾಳೆಯಲ್ಲ ನೊಣವೂ ಅಂಟುವುದಿಲ್ಲ. “ಹೊಸಾ ಮಷಿನ್ನಿಗೆ ಪೂಜಾನೂ ಆತು, ಅಂಟೂ ಹೋತು” ಎಂದರು. ಅವ್ವ ಎಷ್ಟೋ ತಿಂಗಳ ಮೇಲೆ ನಕ್ಕಳು.

ಮಷಿನ್ ನಡೆಯುತ್ತದೆ. ಆದರೆ ಅದರೊಳಗಿನ ಅಕ್ಷರಗಳನ್ನು ಅಪ್ಪ ಒಪ್ಪುತ್ತಿಲ್ಲ. ಏನು ಕತ್ತರಿಸಿ ತೋರಿಸಿದರೂ ಬೆರಳಿನಿಂದ ಸವರಿ ಪಕ್ಕಕ್ಕಿಡುತ್ತಾರೆ. ಕೊನೆಗೆ ಹೇಳಿದರು: “ಜಿನ್ಯಾನ ಯಾದಿ ಪೂರ್ತಿ ಇಲ್ಲ. ಒಂದ ಸಾಮಾನ ಬಿಟ್ಟಾನ.”

ಏನು ಬಿಟ್ಟಿದ್ದೀರಿ?

ಸಪ್ನಾ


ಮಹಾಂತೇಶ ನಗರ
21 ಜುಲೈ 2025

ಲಿಂಗಣ್ಣ,

ಭಂಡಾರದ ಸುದ್ದಿ ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ತಪ್ಪು ನನ್ನದೇ. ಹೊಸ ಮ್ಯಾಟನ್ನು ಒಗೆದ ಹತ್ತಿ ಅಂಗಿಯ ಮೇಲೆ ಎರಡು ಸಲ ಒತ್ತಿ ತೆಗೆಯಬೇಕು, ಅಷ್ಟೇ. ಈಗ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು ಹಾಕಿ ಮೆಲ್ಲಗೆ ತೊಳೆದು ನೆರಳಿಗೆ ಒಣಗಿಸಿ. ಅಂಟು ಸ್ವಲ್ಪ ಮರಳುತ್ತದೆ. ಹಳದಿ ಹೋಗುವುದಿಲ್ಲ.

ಯಾದಿಯಲ್ಲಿ ಬಿಟ್ಟದ್ದು ಯಾವುದೆಂದು ಬಹಳ ಯೋಚಿಸಿದೆ. ಸ್ಪಿರಿಟ್ ಇರಬೇಕು. ಅಂಟಿಸುವ ಮೊದಲು ಗಾಜು ಒರೆಸಲು. ಅಥವಾ ಸ್ಟೀಲ್ ಪಟ್ಟಿ. ಅಥವಾ ಒಳ್ಳೆಯ ಕತ್ತರಿ. ಮೂರನ್ನೂ ಪಾರ್ಸೆಲ್ ಮಾಡಿದ್ದೇನೆ, ಜೊತೆಗೆ ಒಂದು ಹೊಸ ಮ್ಯಾಟು.

ಇನ್ನೇನೂ ಬಿಟ್ಟಿಲ್ಲ.

ಜಿನಪ್ಪ


ನಂದಗಡ
17 ಆಗಸ್ಟ್ 2025

ಕಾಕಾ ಅವರಿಗೆ,

ಪಾರ್ಸೆಲ್ ಬಂತು. ಅಪ್ಪ ಮೂರೂ ಸಾಮಾನು ತಿರುಗಿಸಿ ನೋಡಿ, “ಕತ್ತರಿ ಕಳಿಸ್ಯಾನ, ಹುಷಾರ ಅದಾನ” ಎಂದು ಎದ್ದುಹೋದರು.

ಹೋದ ವಾರ ಬುಧವಾರದ ಸಂತೆಗೆ ಅವರ ಕೈ ಹಿಡಿದುಕೊಂಡು ಹೋಗಿದ್ದೆ. ನಿಂತಿದ್ದ ಹಾಲಿನ ಟೆಂಪೋದ ಹಿಂದೆ ಹೋಗಿ ನಿಂತುಬಿಟ್ಟರು. ‘ಅವ್ವನ ಆಶೀರ್ವಾದ’ ಎಂದು ಕೆಂಪು ರೇಡಿಯಂನಲ್ಲಿ ಬರೆದಿತ್ತು. ನಡುಗುವ ಬೆರಳನ್ನು ಆ ಅಕ್ಷರಗಳ ಮೇಲೆ ಒಂದೊಂದಾಗಿ ಆಡಿಸಿದರು. ಬೆರಳು ಅಷ್ಟು ಹೊತ್ತು ನಡುಗಲಿಲ್ಲ, ಖರೇ ಹೇಳುತ್ತೇನೆ. ಡ್ರೈವರ್ ಬಂದು, “ಏನ್ ನೋಡ್ತಿ ಮುತ್ತ್ಯಾ? ಬೆಳಗಾವಿ ಉದ್ಯಮಬಾಗದಾಗ ಮಾಡಸೀನಿ. ಅಲ್ಲಿ ಅಕ್ಷರ ಬ್ಯಾರೇನ ಇರತಾವ” ಎಂದ.

ಅಪ್ಪ ಟೆಂಪೋ ಬಿಟ್ಟು ಮುಂದೆ ನಡೆದರು. ದಾರಿಯಲ್ಲಿ ನನಗೆ ಹೇಳಿದರು: “ಅವು ನನ್ನ ಅಕ್ಷರ. ನನ್ನ ಕೈ ಇಲ್ಲಿ ನಡಗಾಕತ್ತೈತಿ, ಅಲ್ಲಿ ಜಿನ್ಯಾನ ಅಂಗಡ್ಯಾಗ ನೆಟ್ಟಗ ಐತಿ.”

ಅವರಿಗೆ ಈಗ ಒಂದೇ ಕೆಲಸ ಉಳಿದಿದೆಯಂತೆ. ಊರ ಮಂದಿಯ ಹೆಸರೆಲ್ಲ ಕತ್ತರಿಸಿದರು, ನಮ್ಮ ಬಾಗಿಲಿಗೆ ಹೆಸರಿಲ್ಲ. ಅವ್ವನ ಹೆಸರು ಹಾಕಬೇಕಂತೆ. ಮಾಯಕ್ಕ, ಅಷ್ಟೇ. ತಮ್ಮ ಅಕ್ಷರದಲ್ಲಿ, ಮಷಿನ್ನಿನ ಗುಂಡಿ ತಾವೇ ಒತ್ತಿ. ಕೈ ಪೂರ್ತಿ ಬಿಗಿಯುವುದರೊಳಗೆ.

ಯಾದಿಯಲ್ಲಿ ನೀವು ಬಿಟ್ಟದ್ದು ಏನೆಂದು ನನಗೆ ಈಗ ತಿಳಿದಿದೆ. ನಿಮಗೆ ಮೊದಲೇ ತಿಳಿದಿತ್ತು ಅನ್ನಿಸುತ್ತದೆ.

ಸಪ್ನಾ


ಮಹಾಂತೇಶ ನಗರ
10 ಸೆಪ್ಟೆಂಬರ್ 2025

ಲಿಂಗಣ್ಣ,

ಮೊನ್ನೆ ನಮ್ಮ ಕ್ಷಮಾವಾಣಿ. ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಎಲ್ಲರ ಹತ್ತಿರ ಕೈಮುಗಿದು ತಪ್ಪು ಕೇಳುವ ದಿನ. ನಿನಗೆ ಗೊತ್ತಿದೆ, ಆ ದಿನ ನೀನೂ ಬಸದಿಯ ಹೊರಗೆ ನನಗಾಗಿ ಕಾಯುತ್ತಿದ್ದೆ. ನಾನು ವರ್ಷವೂ ಇನ್ನೂರು ಮಂದಿಯ ಹತ್ತಿರ ಕ್ಷಮೆ ಕೇಳುತ್ತೇನೆ. ಗಿರಾಕಿ, ಪೋಸ್ಟ್‌ಮನ್, ನನಗೆ ಏನೂ ಮಾಡದವರು, ನಾನು ಏನೂ ಮಾಡದವರು. ಹನ್ನೊಂದು ವರ್ಷ ಒಂದು ಹೆಸರನ್ನು ಮಾತ್ರ ಮುಂದಿನ ಪುಟಕ್ಕೆ ತಳ್ಳುತ್ತ ಬಂದೆ.

ಅಕ್ಷರ ಕತ್ತರಿಸುವ ದೊಡ್ಡ ಮಷಿನ್ ಬಂದ ದಿನ ಅಂಗಡಿ ಮುಂದೆ ಮೂವತ್ತು ಮಂದಿ ಫೌಂಡ್ರಿಯವರು ನೋಡಲು ನಿಂತಿದ್ದರು. ಅಷ್ಟು ಮಂದಿ ಸಿಕ್ಕರೆ ನನ್ನ ನಾಲಿಗೆ ನನ್ನ ಕೈಯಲ್ಲಿರುವುದಿಲ್ಲ. “ಇನ್ನ ಲಿಂಗಣ್ಣನ ಕೈಗೆ ಕುರಿ ಉಣ್ಣೆ ಕತ್ತರಿಸೂದು ಅಷ್ಟ ಉಳೀತು ನೋಡ್ರಿ” ಎಂದೆ. ಕುರಿ ಕಾಯುವ ನಿನ್ನ ಮನೆತನ ಎತ್ತಿ ಆಡಿದ ಮಾತಿಗೆ ಎಲ್ಲರೂ ನಕ್ಕರು. ನೀನು ಬ್ಲೇಡನ್ನು ಗಾಜಿನ ಮೇಲೆ ಸಪ್ಪಳವಾಗದಂತೆ ಇಟ್ಟೆ, ಚೀಲದಿಂದ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡು, ಆಣೆ ಮಾಡಿ, ಬಸ್ಸು ಹತ್ತಿದೆ. ಹದಿನಾರು ವರ್ಷ ನಾನು ಬಾಯಿ, ನೀನು ಕೈ. ಕೈ ಮಾಡಿದ್ದನ್ನೆಲ್ಲ ಬಾಯಿ ಒಂದು ಮಾತಿನಲ್ಲಿ ಹಾಳು ಮಾಡಿತು. ಆ ಮಾತು ಕೆಳಗಿನ ಕಾಗದದ ತನಕ ಇಳಿದಿತ್ತು.

ಇದು ನೀನು ಬಲ್ಲದ್ದು. ನಾನು ಬಾಯಿಬಿಟ್ಟು ಹೇಳದೆ ಇದ್ದದ್ದು ಇನ್ನೊಂದು.

ತಿಂಗಳೊಳಗೆ ಗಿರಾಕಿಗಳು ತಕರಾರು ತೆಗೆದರು. ಮಷಿನ್ನಿನ ಅಕ್ಷರ ಸಾಲಿ ಪುಸ್ತಕದ ಹಾಗಿದೆ, ಮೊದಲಿನಂತೆ ಮಾಡಿಕೊಡಿ ಎಂದು. ನೀನು ರಟ್ಟಿನಲ್ಲಿ ಕತ್ತರಿಸಿ ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟಿದ್ದ ಮಾದರಿ ಅಕ್ಷರಗಳು ಅಟ್ಟದ ಮೇಲೇ ಇದ್ದವು. ಕಂಪ್ಯೂಟರಿನ ಓಂಕಾರನ ಹತ್ತಿರ ಒಯ್ದೆ. ಅವನು ಒಂದೊಂದನ್ನೂ ಸ್ಕ್ಯಾನ್ ಮಾಡಿ ಮಷಿನ್ನಿಗೆ ಹಾಕಿಕೊಟ್ಟ. ಅಂದಿನಿಂದ ಇಂದಿನ ತನಕ ನನ್ನ ಅಂಗಡಿಯಿಂದ ಹೋದ ಪ್ರತಿ ಹೆಸರೂ ನಿನ್ನ ಕೈಯದೇ. ಯಾರ ಅಕ್ಷರ ಎಂದು ಕೇಳಿದವರಿಗೆ “ನಮ್ಮ ಅಂಗಡಿದು” ಎಂದೆ. ಒಮ್ಮೆಯೂ ನಿನ್ನ ಹೆಸರು ಹೇಳಲಿಲ್ಲ.

ಉತ್ತಮ ಕ್ಷಮಾ, ಲಿಂಗಣ್ಣ. ಇನ್ನೂರು ಮಂದಿಗೆ ಸಲೀಸಾಗಿ ಹೇಳಿದ ಮಾತು ಬರೆಯಲು ನನಗೆ ಮೂರು ಹಾಳೆ ಹಾಳಾದವು.

ಅಕ್ಷರ ನಿನ್ನವು. ವಾಪಸು ಕೊಡುತ್ತೇನೆ.

ಜಿನಪ್ಪ


ನಂದಗಡ
2 ಅಕ್ಟೋಬರ್ 2025

ಕಾಕಾ ಅವರಿಗೆ,

ನಿಮ್ಮ ಪತ್ರ ಓದಿ ಹೇಳಿದೆ. ಅಪ್ಪ ಇನ್ನೊಮ್ಮೆ ಓದು ಎಂದರು. ಕುರಿ ಉಣ್ಣೆಯ ಸಾಲನ್ನು ನಾನು ಎರಡನೇ ಸಲ ಬಿಟ್ಟು ಓದಿದೆ. “ಅದನ್ನೂ ಓದು. ಅವಾ ಕಷ್ಟಪಟ್ಟು ಬರದಾನ” ಎಂದರು.

ಆಮೇಲೆ ಕೇಳಿದರು: “ರಟ್ಟಿನ ಅಕ್ಷರ ಹನ್ನೊಂದ ವರ್ಷ ಇಟಗೊಂಡಾನೇನು? ಇಲಿ ಕಡೀಲಿಲ್ಲೇನು?”

ಆಣೆ ಬಿಡಿಸಿಕೊಳ್ಳುತ್ತಾರಂತೆ. ನಮ್ಮ ಮನೆಯ ಪದ್ಧತಿಯಂತೆ, ಆಣೆ ಕಟ್ಟಿದವರೇ ದೇವರ ಮುಂದೆ ಕುಳಿತು ಎದುರಿನವರ ಹಣೆಗೆ ಭಂಡಾರ ಹಚ್ಚಬೇಕು. ಅಲ್ಲಿಗೆ ಅದು ಬಿಚ್ಚಿದಂತೆ. ಚಂಪಾಷಷ್ಠಿ ನವೆಂಬರ್ 26ಕ್ಕಿದೆ. ಅಂದು ನೀವು ಬರಬೇಕು. “ಬರಾಕ ಹೇಳು. ಮಾತಾಡೂದು ಭಾಳ ಉಳದೈತಿ” ಎಂದು ಹೇಳಿದ್ದಾರೆ. ಧ್ವನಿಯೂ ಈಗ ಸಣ್ಣಗಾಗಿದೆ, ಕಿವಿ ಹತ್ತಿರ ಒಯ್ದು ಕೇಳಬೇಕು.

ಒಂದು ವಿನಂತಿ. ಅಕ್ಷರಗಳನ್ನು ಅಷ್ಟರವರೆಗೆ ಇಟ್ಟುಕೊಳ್ಳಬೇಡಿ, ಮೊದಲೇ ಕಳಿಸಿ. ಬಲಗೈ ದಿನಕ್ಕಿಂತ ದಿನ ಬಿಗಿಯುತ್ತಿದೆ.

ಸಪ್ನಾ


ಮಹಾಂತೇಶ ನಗರ
14 ಅಕ್ಟೋಬರ್ 2025

ಲಿಂಗಣ್ಣ,

ಬರುತ್ತೇನೆ. ಮುಂಜಾನೆ ಮೊದಲ ಬಸ್ಸಿಗೇ ಬರುತ್ತೇನೆ. ಇಲಿ ಕಡಿಯಲಿಲ್ಲ. ಡಾಂಬರು ಗುಳಿಗೆ ಹಾಕಿ ಇಟ್ಟಿದ್ದೆ. ಯಾಕೆ ಇಟ್ಟಿದ್ದೆ ಎಂದು ಕೇಳಬೇಡ.

ಓಂಕಾರ ಅಕ್ಷರಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿಸಿಕೊಟ್ಟಿದ್ದಾನೆ. “ಮೇಲ್ ಮಾಡಿದ್ರ ಎರಡ ಮಿನಿಟಿನಾಗ ನಂದಗಡಕ್ಕ ಹೋಗ್ತಾವ ಕಾಕಾ” ಎಂದ. ಬೇಡ ಎಂದೆ. ಇಂಥ ಸಾಮಾನು ತಂತಿಯ ಮೇಲೆ ಹೋಗಬಾರದು. ನನ್ನ ಕೈಯಿಂದ ನಿನ್ನ ಕೈಗೆ ಕೊಡುತ್ತೇನೆ, ನೀನು ತೆಗೆದುಕೊಳ್ಳುವಾಗ ನಿನ್ನ ಮುಖ ನೋಡಬೇಕು. ಇಷ್ಟು ವರ್ಷ ತಡೆದವನಿಗೆ ಇನ್ನು ನಲವತ್ತಮೂರು ದಿನ ಏನು ದೊಡ್ಡದು? ಪೆನ್‌ಡ್ರೈವ್ ನನ್ನ ಅಂಗಿಯ ಕಿಸೆಯಲ್ಲಿದೆ. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ.

ಸದ್ಯಕ್ಕೆ ಹೊಸ ಬ್ಲೇಡು, ಟೇಪು, ಎರಡು ಕೆಂಪು ಹಾಳೆ ಕಳಿಸಿದ್ದೇನೆ. ಬಾಗಿಲಿನ ಗಾಜು ಒರೆಸಿ ಇಡಿ.

ನಿನ್ನ
ಜಿನ್ಯಾ


ನಂದಗಡ
20 ನವೆಂಬರ್ 2025

ಕಾಕಾ ಅವರಿಗೆ,

ಅಪ್ಪ 14ಕ್ಕೆ ತೀರಿಕೊಂಡರು. ಮೂರು ದಿನ ಜ್ವರ, ಕಫ. ಖಾನಾಪುರದ ಆಸ್ಪತ್ರೆಯ ಹಾದಿಯಲ್ಲೇ ಆಯಿತು. ಆ ದಿನ ಫೋನ್ ಮಾಡಬೇಕೆಂದು ನಿಮ್ಮ ನಂಬರ್ ತೆಗೆದೆ. ಅವ್ವ, “ಅವರು ಪತ್ರ ಅಂದಿದ್ರು, ಪತ್ರನ ಬರಿ” ಎಂದಳು. ಅದಕ್ಕೆ ತಡ. ತಪ್ಪು ತಿಳಿಯಬೇಡಿ.

ಕೊನೆಯ ತಿಂಗಳು ಅವರು ನಾನು ಕೆಲಸಕ್ಕೆ ಹೋದಾಗ ಮಷಿನ್ನಿನ ಮುಂದೆ ಕೂರುತ್ತಿದ್ದರಂತೆ. ಅದರ ಮುಚ್ಚಳ ತೆಗೆದು, ಮುಚ್ಚಿ. “ಜಿನ್ಯಾ ತರತಾನ” ಎಂದು ಅವ್ವನಿಗೆ ಹೇಳುತ್ತಿದ್ದರಂತೆ. ನಿಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ನಾನು ಮಾಡಿದೆ. ಅದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

ಅವರ ಹಾಸಿಗೆ ತೆಗೆಯುವಾಗ ಹಳೆಯ ಮ್ಯಾಟು ಸಿಕ್ಕಿತು, ಭಂಡಾರ ತಿಕ್ಕಿದ್ದು. ಅದರ ಮೇಲೆ ನೀವು ಕಳಿಸಿದ ಕೆಂಪು ಹಾಳೆ. ನೀವು ಬರುವ ತನಕ ತಡೆಯಲಾಗದೆ, ಬ್ಲೇಡನ್ನು ಎರಡೂ ಕೈಯಲ್ಲಿ ಹಿಡಿದು ತಾವೇ ಕತ್ತರಿಸಿದ್ದಾರೆ. ‘ಮಾ’ ಒಂದೇ ಆಗಿದೆ. ಗೆರೆ ಕೆರೆಯ ತೆರೆಯ ಹಾಗಿದೆ. ಬಲ ಹೆಚ್ಚಾಗಿ ಕೆಳಗಿನ ಕಾಗದವೂ ಹರಿದು, ಮ್ಯಾಟಿಗೂ ಗೀರು ಬಿದ್ದಿದೆ. ಬಿಡಿಸಲು ಹೋದರೆ ಕಾಗದದ ಸಮೇತ ಏಳುತ್ತದೆ. ಅಂಟು ಹೊರಗೆ ಬರುವುದೇ ಇಲ್ಲ.

ಇದನ್ನು ಏನು ಮಾಡಬೇಕು? ನಿಮ್ಮ ಯಾದಿಯಲ್ಲಿ ಇದಕ್ಕೆ ಏನಾದರೂ ಇದೆಯೇ?

ಸಪ್ನಾ


ಮಹಾಂತೇಶ ನಗರ
9 ಡಿಸೆಂಬರ್ 2025

ಮಗಳೇ ಸಪ್ನಾ,

ನಿನ್ನ ಪತ್ರ ಸಿಕ್ಕಿತ್ತು. ಚಂಪಾಷಷ್ಠಿಗೆ ಬರುತ್ತೇನೆ ಎಂದಿದ್ದೆ, ಬಂದೆ. ಖಾನಾಪುರದಿಂದ ನಂದಗಡದ ತನಕ ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ನಿಮ್ಮ ಹೊಸ್ತಿಲಲ್ಲಿ ಮುಗಿದುಹೋಯಿತು. ಪೆನ್‌ಡ್ರೈವನ್ನು ನಿನ್ನ ಕೈಗೆ ಕೊಟ್ಟೆ. ಯಾರ ಮುಖ ನೋಡಬೇಕೆಂದು ಇಟ್ಟುಕೊಂಡಿದ್ದೆನೋ ಆ ಮುಖ ಗೋಡೆಯ ಮೇಲೆ ಫೋಟೋದಲ್ಲಿತ್ತು, ಬೇರೆ ಕಡೆ ನೋಡುತ್ತಿತ್ತು.

ಅವನು ಹೋದ ಮೇಲೆ ಹನ್ನೆರಡು ದಿನ. ಲೆಕ್ಕ ಹಾಕದೆ ಇರಲು ನೋಡಿದೆ, ನನ್ನ ತಲೆ ಹಾಕಿಬಿಟ್ಟಿತು. ಹನ್ನೆರಡು ದಿನವಲ್ಲ ಅದು. ಎರಡು ನಿಮಿಷ. ಓಂಕಾರ ಹೇಳಿದ ಎರಡು ನಿಮಿಷ. ವಾಪಸು ಕೊಡುವ ಸಾಮಾನಿನಲ್ಲೂ ನನಗೊಂದು ಪಾಲು ಬೇಕಾಯಿತು, ಕೊಡುವವನ ದೊಡ್ಡಸ್ತಿಕೆ. ನೀನು ಸಿಟ್ಟಾದದ್ದು ಸರಿ. ಅದನ್ನು ಬೇಗ ಬಿಡಬೇಡ.

ನಾನು ನಿಮ್ಮವ್ವನಿಗೆ ಕೇಳಿದ್ದು ಒಂದೇ. “ವೈನೀ, ಆಣಿ?” ನೀನು ಆಗ ಚಹಾ ಮಾಡಲು ಒಳಗೆ ಹೋಗಿದ್ದೆ, ಅದಕ್ಕೆ ಬರೆಯುತ್ತೇನೆ. ಅವರು ಭಂಡಾರದ ಚೀಲ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. “ಕಟ್ಟಿದವರ ಬಿಚ್ಚಬೇಕ್ರಿ. ಬ್ಯಾರೇದವರಿಗೆ ಬರೂದಿಲ್ಲ. ಇರಲಿ ಬಿಡ್ರಿ, ಅದೊಂದರ ಉಳೀಲಿ ನಿಮ್ಮಿಬ್ಬರ ನಡುವ” ಎಂದರು.

ನಿನ್ನ ‘ಮಾ’ದ ಪ್ರಶ್ನೆಗೆ ಉತ್ತರ ಈಗ ಬರೆಯುತ್ತೇನೆ. ಬಿಡಿಸಬೇಡ. ಕಾಗದದ ಸಮೇತ ಮೆಲ್ಲಗೆ ಎತ್ತು. ಚಿಮಟಾ ಹಿಡಿದು ಮೂಲೆಯಿಂದ ಶುರು ಮಾಡು. ಹಿಂದೆ ಗಾಜಿಗೆ ಹಿಡಿಯುವ ಗಟ್ಟಿ ಗೋಂದು ತೆಳ್ಳಗೆ ಸವರು. ಒಂದು ಡಬ್ಬಿ ಇದರ ಜೊತೆ ಕಳಿಸಿದ್ದೇನೆ. ಬಾಗಿಲಿನ ಗಾಜಿನ ಮೇಲೆ ಮೊದಲು ಅದನ್ನು ಕೂರಿಸು. ಉಳಿದ ಎರಡು ಅಕ್ಷರ ಪೆನ್‌ಡ್ರೈವಿನಿಂದ ತೆಗೆದು ಮಷಿನ್ನಿನಲ್ಲಿ ಕತ್ತರಿಸು, ಅಳತೆ ಸರಿಹೊಂದಿಸಿಕೋ. ನಡುಗಿದ ಒಂದು, ನೆಟ್ಟಗಿನ ಎರಡು. ನೋಡಿದವರು ಬೇರೆ ಬೇರೆ ಕೈ ಎನ್ನುತ್ತಾರೆ, ಅನ್ನಲಿ. ಮೂರೂ ಒಂದೇ ಕೈಯವು.

ಇನ್ನೊಂದು ಕೆಲಸ ಮಾಡಿದ್ದೇನೆ. ಓಂಕಾರನನ್ನು ಕೂರಿಸಿಕೊಂಡು ನನ್ನ ಮಷಿನ್ನಿನಿಂದ ಆ ಅಕ್ಷರಗಳನ್ನೆಲ್ಲ ತೆಗೆಸಿದೆ. “ಕಾಪಿ ಇಟಗೊಳ್ರಿ ಕಾಕಾ” ಎಂದ. ಬೇಡ ಎಂದೆ. ಈ ಸಲದ ಬೇಡ ಸರಿಯಿತ್ತು. ರಟ್ಟಿನ ಡಬ್ಬಿಯೂ ಇದೇ ಪಾರ್ಸೆಲಿನಲ್ಲಿದೆ, ಡಾಂಬರು ಗುಳಿಗೆ ಆಗಾಗ ಬದಲಿಸು.

ನಿನ್ನೆ ಒಬ್ಬ ಹುಡುಗ ಹೊಸ ಬೈಕ್ ತಂದು ನಿಲ್ಲಿಸಿದ. ಹೆಂಡತಿಯ ಹೆಸರು ಬರೆಸಬೇಕಂತೆ. ಸಾದಾ ಅಕ್ಷರ ತೋರಿಸಿದರೆ ಒಪ್ಪಲಿಲ್ಲ. “ಇವಲ್ರಿ. ನಮ್ಮ ದೋಸ್ತನ ಗಾಡಿ ಮ್ಯಾಲಿನಂಥವು ಬೇಕು. ನಿಮ್ಮ ಅಂಗಡಿದಾವಲ್ಲ, ಅವು.”

“ನಮ್ಮ ಅಂಗಡಿದಾವಲ್ಲೋ ತಮ್ಮಾ” ಎಂದೆ. “ಅವು ಮೈಲಾರಲಿಂಗನವು. ನಂದಗಡಕ್ಕ ಹೋಗು. ಕೆಂಪು ಅಕ್ಷರದಾಗ ಮಾಯಕ್ಕ ಅಂತ ಬರದ ಬಾಗಲಾ ಕೇಳು. ಅವನ ಮಗಳದಾಳ, ಕತ್ತರಿಸಿ ಕೊಡತಾಳ.”

ಹನ್ನೊಂದು ವರ್ಷದಲ್ಲಿ ಆ ಕೌಂಟರಿನ ಮೇಲೆ ಅವನ ಹೆಸರು ಹೇಳಿದ್ದು ಅದೇ ಮೊದಲು. ಹುಡುಗ ಬೈಕ್ ಹತ್ತಿ ಹೊರಟ. ಹೆಸರು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ರಸ್ತೆಗೆ ಇಳಿದು ಇನ್ನೊಮ್ಮೆ ಕೂಗಿದೆ.

ಬಾಗಿಲು ಬೇಗ ಮುಗಿಸು. ಮಂದಿ ಬರುತ್ತಾರೆ.

ಜಿನಪ್ಪ ಕಾಕಾ